ಕಲ್ಲಿನಿಂದ ಎಣ್ಣೆ ಹರಿಯುತ್ತದೆಯೇ?

ನಮ್ಮ ಬಳಗದ ತಿಂಗಳ ಓದಿನ ಕೂಟದಲ್ಲಿ ಕತೆ, ಕವಿತೆಗಳ ಸರದಿ ಮುಗಿದ ಮೇಲೆ ಒಮ್ಮೊಮ್ಮೆ ಪತ್ರಿಕೆಗಳ ವಿಜ್ಞಾನ ಬರಹಗಳನ್ನೂ ಕೈಗೆತ್ತಿಕೊಳ್ಳುವುದುಂಟು. ಮುಂಬಯಿಯಲ್ಲಿ ಕುಳಿತು ಕನ್ನಡ ಓದುವ ನಮಗೆ, ಹೊಸ ವಿಷಯಗಳನ್ನು ಕನ್ನಡ ಹೇಗೆ ಹೊತ್ತುಕೊಳ್ಳುತ್ತಿದೆ ಎಂಬುದನ್ನು ನೋಡುವ ಕುತೂಹಲ. ಈಚೆಗೆ ಹೀಗೆ ಓದಿದ ಒಂದು ಬರಹದಲ್ಲಿ, ಅಮೆರಿಕದ ಶೇಲ್ ಶಿಲೆಗಳ ಅಡಿಯಲ್ಲಿ ತೈಲಸಾಗರವೇ ಅಡಗಿದೆಯೆಂದೂ, ಬಾವಿ ಕೊರೆದೊಡನೆ ಅದು ಹರಿದು ಬರುತ್ತದೆಯೆಂದೂ, ನಮ್ಮ ನೆಲದಡಿಯಲ್ಲೂ ಅಂಥದೇ ಸಾಗರವಿದ್ದು ಅದನ್ನು ಮುಟ್ಟುವ ಧೈರ್ಯವೊಂದೇ ಬೇಕಾಗಿದೆಯೆಂದೂ ಇತ್ತು. ನಮ್ಮ ನಡುವೆ ಬಾಂಬೆ ಹೈ ತೈಲಕ್ಷೇತ್ರದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದರಲ್ಲಿ ಸಾಗರವೂ ಸುಳ್ಳು, ಅಡಿಯೂ ಸುಳ್ಳು, ಹರಿಯುವುದೂ ಸುಳ್ಳು" ಎಂದರು. ಆ ದಿನ ನಮ್ಮ ಚರ್ಚೆ ರಾತ್ರಿ ಕೊನೆಯ ಲೋಕಲಿನ ಹೊತ್ತಿನವರೆಗೆ ಬೆಳೆಯಿತು.

ಆ ಚರ್ಚೆಯಿಂದ ನಮಗೆ ಬಲವಾಗಿ ತೋರಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಶೇಲ್ ತೈಲದ ವಿಷಯದಲ್ಲಿ ನಮ್ಮ ಭಾಷೆ ಕಟ್ಟಿಕೊಡುತ್ತಿರುವ ಚಿತ್ರ ತಪ್ಪು. ಚಿತ್ರ ತಪ್ಪಿದ್ದರಿಂದ ಲೆಕ್ಕವೂ ತಪ್ಪುತ್ತಿದೆ, ಲೆಕ್ಕ ತಪ್ಪಿದ್ದರಿಂದ ಆಸೆಯೂ ತಪ್ಪು ದಿಕ್ಕಿಗೆ ಹೋಗುತ್ತಿದೆ. ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ಕೊಳ್ಳುವ ದೇಶ ನಮ್ಮದು. ಇಂಥ ದೇಶದ ಓದುಗರಿಗೆ ನೆಲದಡಿಯ ಸಾಗರದ ಮಾತು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ.

ನೆಲದಡಿಯಲ್ಲಿ ಎಣ್ಣೆಯ ಕೆರೆಯನ್ನೇ ಕಾಣಬೇಕೆನ್ನುವವರಿಗೆ ಅದು ದೂರದ ಟೆಕ್ಸಾಸಿನಲ್ಲಿಲ್ಲ, ನಮ್ಮ ಕರಾವಳಿಯಲ್ಲೇ ಇದೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಮತ್ತು ಮಂಗಳೂರಿನಲ್ಲಿ ಗಟ್ಟಿ ಬಂಡೆಯನ್ನು ಕೊರೆದು ಮಾಡಿದ ಗುಹೆಗಳಲ್ಲಿ ದೇಶದ ಆಪತ್ಕಾಲದ ಕಚ್ಚಾತೈಲವನ್ನು ಕೂಡಿಡುವ ವ್ಯವಸ್ಥೆಯಿದೆ. ಪಾದೂರಿನ ಸಾಮರ್ಥ್ಯ 25 ಲಕ್ಷ ಟನ್ನು, ಮಂಗಳೂರಿನದು 15 ಲಕ್ಷ ಟನ್ನು. ಆ ಎಣ್ಣೆ ಹುಟ್ಟಿದ್ದು ಅಲ್ಲಿಯಲ್ಲ, ಹಡಗಿನಲ್ಲಿ ಬಂದದ್ದು. ಗುಹೆಯ ಗೋಡೆಗೆ ಉಕ್ಕಿನ ಹೊದಿಕೆಯೂ ಇಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ತುಂಬಿರುವ ನೀರಿನ ಒತ್ತಡ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಾಗಿರುವಂತೆ ನೋಡಿಕೊಳ್ಳುತ್ತಾರೆ. ನೀರು ಒಳಮುಖವಾಗಿ ಒತ್ತುತ್ತಿರುವವರೆಗೆ ಎಣ್ಣೆ ಹೊರಗೆ ನುಸುಳಲಾರದು. ಕಲ್ಲಿನೊಳಗೆ ದ್ರವ ಚಲಿಸುವುದಾದರೆ ಅದು ಒತ್ತಡ ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ಎಂಬ ಮೊದಲ ಪಾಠವನ್ನು ಕಲಿಯಲು ಪಾದೂರಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಆದರೆ ಪ್ರಕೃತಿ ಇಂಥ ಗುಹೆಗಳಲ್ಲಿ ಎಣ್ಣೆಯನ್ನು ಇಟ್ಟಿಲ್ಲ. ತೈಲಕ್ಷೇತ್ರ ಎಂದಾಗ ನಮ್ಮ ಮನಸ್ಸಿನಲ್ಲಿ ಮೂಡುವ ಕೆರೆಯ ಚಿತ್ರಕ್ಕೆ ನಿಜವಾದ ಒಪ್ಪಿಗೆ ಸಿಗುವುದು ಮನುಷ್ಯ ಕಟ್ಟಿದ ಕೆರೆಯಲ್ಲಿ ಮಾತ್ರ.

ಸಾಮಾನ್ಯ ತೈಲಕ್ಷೇತ್ರವೆಂದರೆ ಎಣ್ಣೆ ತುಂಬಿದ ಕಲ್ಲು. ಬೇಸಗೆಯಲ್ಲಿ ಒಣಗಿದ ಹೊಳೆಯ ಮರಳನ್ನು ಮೊಣಕಾಲುದ್ದ ಬಗೆದು ಒರತೆ ತೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರಳಿನ ಕಣಕಣದ ನಡುವಿನ ಸಂದಿಯಲ್ಲಿ ನೀರಿರುತ್ತದೆ. ಗುಂಡಿ ತೋಡಿದರೆ ಸುತ್ತಲಿನ ಸಂದಿಗಳಿಂದ ನೀರು ಬಂದು ಗುಂಡಿ ತುಂಬುತ್ತದೆ, ತೋಡಿಕೊಂಡಂತೆ ಮತ್ತೆ ತುಂಬುತ್ತದೆ. ಅದೇ ಮರಳು ಹೂತು, ಬೆಸೆದು ಮರಳುಗಲ್ಲಾಗಿ, ಸಂದಿಗಳಲ್ಲಿ ಎಣ್ಣೆ ನಿಂತರೆ ತೈಲಕ್ಷೇತ್ರ. 1974ರಲ್ಲಿ ಪತ್ತೆಯಾದ, ನಮ್ಮ ಮುಂಬಯಿ ತೀರದಿಂದ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈ ಕ್ಷೇತ್ರದಲ್ಲಿ ಎಣ್ಣೆ ಮುಖ್ಯವಾಗಿ ಇರುವುದು ಸುಣ್ಣಕಲ್ಲಿನಲ್ಲಿ. ಕಲ್ಲು ಬೇರೆಯಾದರೂ ತತ್ತ್ವ ಅದೇ. ಒರತೆಯ ಮಾದರಿ ಅಲ್ಲಿಯೂ ನಡೆಯುತ್ತದೆ.

ಈ ಒರತೆಗೆ ಲೆಕ್ಕ ಕೊಟ್ಟವನು ಫ್ರಾನ್ಸಿನ ಹೆನ್ರಿ ಡಾರ್ಸಿ. ಅವನಿಗೆ ಎಣ್ಣೆಯ ಗೊಡವೆಯಿರಲಿಲ್ಲ. ತನ್ನೂರು ಡಿಜೋನಿಗೆ ಕುಡಿಯುವ ನೀರು ಒದಗಿಸುವುದು ಅವನ ಕೆಲಸವಾಗಿತ್ತು. ಮರಳಿನ ಸೋಸುಪದರದ ಮೂಲಕ ಎಷ್ಟು ನೀರು ಹಾಯುತ್ತದೆಂದು ಅಳೆದು 1856ರಲ್ಲಿ ಪ್ರಕಟಿಸಿದ. ಒತ್ತಡದ ವ್ಯತ್ಯಾಸ ಇಮ್ಮಡಿಯಾದರೆ ಹರಿವು ಇಮ್ಮಡಿ, ಪದರದ ದಪ್ಪ ಇಮ್ಮಡಿಯಾದರೆ ಹರಿವು ಅರ್ಧ. ಉಳಿದದ್ದು ಆ ಮರಳಿನ ಸ್ವಭಾವ, ಎಂದರೆ ಅದು ದ್ರವವನ್ನು ಎಷ್ಟು ಹಾಯಗೊಡುತ್ತದೆ ಎಂಬುದು. ಆ ಹಾಯಗೊಡುವ ಗುಣವನ್ನು ಅಳೆಯುವ ಮಾನಕ್ಕೆ ತೈಲಲೋಕ ಅವನ ಹೆಸರನ್ನೇ ಇಟ್ಟಿದೆ. ಒಳ್ಳೆಯ ಮರಳುಗಲ್ಲು ನೂರಾರು ಮಿಲಿಡಾರ್ಸಿ, ಕೆಲವೊಮ್ಮೆ ಒಂದೆರಡು ಡಾರ್ಸಿ. ಶೇಲಿನದು ಸಾಮಾನ್ಯವಾಗಿ ಹತ್ತಾರು, ನೂರಾರು ನ್ಯಾನೋಡಾರ್ಸಿ. ಒಂದು ಮಿಲಿಡಾರ್ಸಿಗೆ 10 ಲಕ್ಷ ನ್ಯಾನೋಡಾರ್ಸಿ ಎಂಬುದನ್ನು ಇಲ್ಲಿ ನೆನೆಯಬೇಕು.

ಶೇಲ್ ಎಂಬುದು ಜೇಡಿಮಣ್ಣು ಪದರಪದರವಾಗಿ ಕುಳಿತು ಕಲ್ಲಾದದ್ದು. ಜೇಡಿಯ ಗುಣ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಕೆರೆಯ ಏರಿ ಸೋರಬಾರದೆಂದು ಅದರ ಒಡಲಿಗೆ ತುಂಬಿದ್ದು ಜೇಡಿಯನ್ನೇ. ತೈಲ ಹುಡುಕುವವರೂ ಬಹುಕಾಲ ಶೇಲನ್ನು ಹಾಗೆಯೇ ಕಂಡರು, ಕೆಳಗಿನ ಎಣ್ಣೆ ಮೇಲೇರಿ ಹೋಗದಂತೆ ತಡೆಯುವ ಮುಚ್ಚಳವಾಗಿ. ಇನ್ನೊಂದು ರೂಪದಲ್ಲೂ ಅದನ್ನು ಗೌರವಿಸಿದರು. ಕೋಟ್ಯಂತರ ವರ್ಷಗಳ ಹಿಂದೆ ಕಡಲಿನ, ಸರೋವರಗಳ ತಳದ ಕೆಸರಿನೊಡನೆ ಹೂತ ಪಾಚಿ, ಸೂಕ್ಷ್ಮಜೀವಿಗಳ ಅವಶೇಷ ಕೆರೋಜೆನ್ ಎಂಬ ಕಪ್ಪು ಘನಪದಾರ್ಥವಾಗಿ, ಆಳದ ಬಿಸಿಗೆ ಬೆಂದು ಎಣ್ಣೆಯೂ ಅನಿಲವೂ ಆದದ್ದು ಈ ಶೇಲಿನ ಒಡಲಲ್ಲಿಯೇ. ಗುಜರಾತಿನ ಖಂಭಾತ್ ಜಲಾನಯನದ ಬಾವಿಗಳಿಂದ ಹೊರಬಂದ ಎಣ್ಣೆಗೆ ತವರು, ಅಲ್ಲಿಯೇ ಆಳದಲ್ಲಿರುವ ಸುಮಾರು 5 ಕೋಟಿ ವರ್ಷ ಹಳೆಯ ಶೇಲು. ತವರಿನಿಂದ ಹೊರಟ ಎಣ್ಣೆ ಸಿಕ್ಕ ಸಂದುಗೊಂದಿನಲ್ಲಿ ತೂರಿ ಮೇಲಿನ ಮರಳುಗಲ್ಲನ್ನು ಸೇರಿತು. ಆ ಪ್ರಯಾಣಕ್ಕೆ ಹಿಡಿದ ಕಾಲವನ್ನು ಲಕ್ಷ ವರ್ಷಗಳ ಮಾನದಲ್ಲಿ ಎಣಿಸಬೇಕು. ಹೊರಡಲಾರದೆ ತವರಲ್ಲೇ ಉಳಿದದ್ದನ್ನು ಈಗ ಶೇಲ್ ತೈಲ ಎನ್ನುತ್ತಿದ್ದೇವೆ. ಅದು ಶೇಲಿನ ಅಡಿಯಲ್ಲಿಲ್ಲ, ಶೇಲಿನ ಒಳಗಿದೆ. ನಮ್ಮ ಹಿರಿಯರ ಎರಡನೆಯ ಆಕ್ಷೇಪ ಇದೇ ಆಗಿತ್ತು. ಕೆರೋಜೆನ್ ಇನ್ನೂ ಬೇಯದೆ ಉಳಿದಿರುವ, ಎಸ್ಟೋನಿಯದಲ್ಲಿ ಅಗೆದು ಉರಿಸುವ ತೈಲಶೇಲ್ ಎಂಬ ಕಲ್ಲು ಬೇರೆ. ಹೆಸರು ತಿರುಗುಮುರುಗಾಗಿರುವುದರಿಂದ ಬರಹಗಾರರು ಎರಡನ್ನೂ ಬೆರೆಸುತ್ತಾರೆ, ಈ ಒಂದು ಮಾತು ಸಾಕು.

ಇನ್ನು ರಂಧ್ರಗಳ ಅಳತೆ. ತಲೆಗೂದಲಿನ ದಪ್ಪ ಹೆಚ್ಚುಕಡಿಮೆ 80,000 ನ್ಯಾನೋಮೀಟರ್. ಒಳ್ಳೆಯ ಮರಳುಗಲ್ಲಿನ ಸಂದಿಯ ಬಾಯಿ 10,000 ನ್ಯಾನೋಮೀಟರ್ ಇರಬಹುದು. ಶೇಲಿನ ರಂಧ್ರಗಳು ಕೆಲವೇ ನ್ಯಾನೋಮೀಟರಿನಿಂದ ಕೆಲವು ನೂರರವರೆಗೆ. ಲೆಕ್ಕಕ್ಕೆ 10 ಎಂದಿಟ್ಟುಕೊಳ್ಳೋಣ. ಸಾವಿರ ಪಟ್ಟು ಕಿರಿದು. ಹಾಗಾದರೆ ಎಣ್ಣೆಯೂ ಸಾವಿರ ಪಟ್ಟು ನಿಧಾನವಾಗಿ ಬರುತ್ತದೆಯೇ ಎಂದು ನಮ್ಮಲ್ಲೊಬ್ಬರು ಕೇಳಿದರು. ಇಲ್ಲ. ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆಂದು ತಿಳಿಯಹೊರಟ ಫ್ರೆಂಚ್ ವೈದ್ಯ ಪ್ವಾಸೋಯ್, 1840ರ ದಶಕದಲ್ಲಿ ಸೂಕ್ಷ್ಮ ಗಾಜಿನ ನಳಿಗೆಗಳಲ್ಲಿ ಪ್ರಯೋಗ ಮಾಡಿ ಕಂಡುಕೊಂಡ ನಿಯಮ ಬಲು ಕಠೋರವಾದದ್ದು. ನಳಿಗೆಯ ಅಗಲ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದಾಗುತ್ತದೆ. ಅಗಲ ಸಾವಿರದಲ್ಲಿ ಒಂದಾದರೆ ಒಂದೊಂದು ನಳಿಗೆಯ ಹರಿವು ಲಕ್ಷ ಕೋಟಿಯಲ್ಲಿ ಒಂದಾಗುತ್ತದೆ. ಅಷ್ಟೇ ಜಾಗದಲ್ಲಿ ಕಿರುನಳಿಗೆಗಳು 10 ಲಕ್ಷ ಪಟ್ಟು ಹೆಚ್ಚು ಹಿಡಿಸುತ್ತವೆಂದು ರಿಯಾಯಿತಿ ಕೊಟ್ಟರೂ ಒಟ್ಟು ಹರಿವು 10 ಲಕ್ಷದಲ್ಲಿ ಒಂದು. ಮಿಲಿಡಾರ್ಸಿ, ನ್ಯಾನೋಡಾರ್ಸಿಗಳ ಅಂತರ ಎಲ್ಲಿಂದ ಬಂತೆಂಬುದಕ್ಕೆ ಇದೇ ಉತ್ತರ. ಕಾಗದದ ಮೇಲೆ ಈ ಸೊನ್ನೆಗಳನ್ನು ಬರೆದಾಗ ಕೂಟದಲ್ಲಿ ಸ್ವಲ್ಪ ಹೊತ್ತು ಮೌನವಿತ್ತು. 'ಹರಿದು ಬರುತ್ತದೆ' ಎಂಬ ಕ್ರಿಯಾಪದ ಅಲ್ಲಿಗೇ ಬಿದ್ದಿತೆಂದು ನಮ್ಮ ಎಣಿಕೆ.

ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. ಡಾರ್ಸಿಯ ನಿಯಮ, ಪ್ವಾಸೋಯ್‌ನ ನಿಯಮ ಎರಡೂ ದ್ರವವನ್ನು ಅಖಂಡವೆಂದು ಬಗೆಯುತ್ತವೆ, ಗೋಡೆಯನ್ನು ಬರಿಯ ಗಡಿಯೆಂದು ಬಗೆಯುತ್ತವೆ. 5 ನ್ಯಾನೋಮೀಟರ್ ಅಗಲದ ರಂಧ್ರದಲ್ಲಿ ಎಣ್ಣೆಯ ಸಾಧಾರಣ ಅಣುಗಳು ಅಡ್ಡಡ್ಡ ನಿಂತರೆ ಹತ್ತೇ ಹಿಡಿಯುತ್ತವೆ. ಅಷ್ಟರಲ್ಲಿ ಎಷ್ಟೋ ಅಣುಗಳು ನೇರ ಗೋಡೆಗೇ ತಾಗಿರುತ್ತವೆ. ಗೋಡೆ ಕೆರೋಜೆನ್ನಿನದಾದರಂತೂ ಅದು ಎಣ್ಣೆಯ ಹತ್ತಿರದ ಬಂಧು. ಅಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಕೆಲವು ಅದರೊಳಗೇ ಕರಗಿ ಕೂರುತ್ತವೆ. ರಸಾಯನದ ಪಠ್ಯಗಳಲ್ಲಿ ಗೋಡೆಗಂಟುವುದಕ್ಕೆ ಅಧಿಶೋಷಣೆ ಎಂಬ ಭಾರವಾದ ಹೆಸರಿದೆ. ತುಪ್ಪ ಬಗ್ಗಿಸಿದ ಮೇಲೂ ಪಾತ್ರೆಯ ಗೋಡೆಗೆ ಉಳಿಯುವ ಜಿಡ್ಡನ್ನು ನೆನೆದರೆ ಸಾಕು, ಆದರೆ ಇಲ್ಲಿ ಪಾತ್ರೆಯಲ್ಲಿರುವುದರ ದೊಡ್ಡ ಪಾಲೇ ಆ ಜಿಡ್ಡು. ಎಣ್ಣೆಯಲ್ಲಿರುವ ಭಾರವಾದ ಅಣುಗಳು ಕಿರಿದಾದ ಬಾಯಿಗಳನ್ನು ದಾಟಲಾರದೆ ನಿಲ್ಲುತ್ತವೆ, ಹಗುರವಾದವು ಮುಂದೆ ಹೋಗುತ್ತವೆ. ಶೇಲಿನಿಂದ ಬರುವ ಎಣ್ಣೆ ಸಾಮಾನ್ಯವಾಗಿ ತೆಳ್ಳಗೆ, ತಿಳಿಯಾಗಿರುವುದಕ್ಕೆ ಹೆಚ್ಚು ಬೆಂದ ಕೆರೋಜೆನ್ ಒಂದು ಕಾರಣವಾದರೆ ಈ ಸೋಸುವಿಕೆ ಇನ್ನೊಂದು. ಅನಿಲದ ಕತೆ ಬೇರೆ. ಕಿರುರಂಧ್ರದಲ್ಲಿ ಅನಿಲದ ಅಣು ಇನ್ನೊಂದು ಅಣುವಿಗೆ ಡಿಕ್ಕಿ ಹೊಡೆಯುವ ಮೊದಲೇ ಗೋಡೆಗೆ ಹೊಡೆದು ಜಾರಿಕೊಂಡು ಮುಂದೆ ಸಾಗುತ್ತದೆ. ಹಾಗಾಗಿ ಡಾರ್ಸಿಯ ಲೆಕ್ಕಕ್ಕಿಂತ ಅದು ಹೆಚ್ಚೇ ಬರುತ್ತದೆ. ಕ್ಲಿಂಕೆನ್‌ಬರ್ಗ್ ಇದನ್ನು 1941ರಲ್ಲೇ ತೋರಿಸಿದ್ದ. ಶೇಲಿನಲ್ಲಿ ಮೊದಲು ಗೆದ್ದದ್ದು ಅನಿಲ, ಎಣ್ಣೆ ಆಮೇಲೆ ಬಂತು ಎಂಬುದರಲ್ಲಿ ಆಶ್ಚರ್ಯವಿಲ್ಲ.

ಎಣ್ಣೆಯನ್ನು ಹೊರದೂಡುವವರು ಯಾರು ಎಂಬ ಪ್ರಶ್ನೆಯೂ ಬಂತು. ಮೂರು ಕಿಲೋಮೀಟರ್ ಆಳದಲ್ಲಿ ವಾಯುಮಂಡಲದ ಮುನ್ನೂರು ಪಟ್ಟು, ಕೆಲವೆಡೆ ಅದಕ್ಕೂ ಹೆಚ್ಚು ಒತ್ತಡವಿರುತ್ತದೆ. ಬಾವಿ ಒಂದು ಕಡೆ ಬಾಯಿ ತೆರೆದೊಡನೆ ಬಿಗಿದಿದ್ದ ಎಣ್ಣೆ ತುಸು ಹಿಗ್ಗುತ್ತದೆ, ಅದರಲ್ಲಿ ಕರಗಿದ್ದ ಅನಿಲ ಗುಳ್ಳೆಯೆದ್ದು ಇನ್ನಷ್ಟು ಹಿಗ್ಗಿಸುತ್ತದೆ. ಸೋಡಾ ಸೀಸೆಯ ಗೋಲಿ ಒತ್ತಿದಂತೆ. ಆದರೆ ಗುಳ್ಳೆಯೆದ್ದ ಅನಿಲ ಹಗುರ, ಅದು ಎಣ್ಣೆಯನ್ನು ಹಿಂದೆ ಬಿಟ್ಟು ತಾನು ಮೊದಲು ಹೊರಡುತ್ತದೆ. ಮರಳುಗಲ್ಲಿನ ಕ್ಷೇತ್ರಗಳಲ್ಲಿ ಹಿಂದಿನಿಂದ ನೀರು ತಳ್ಳುವುದುಂಟು, ಇಲ್ಲವೆ ನಾವೇ ನೀರು ತುಂಬಿ ತಳ್ಳುವುದುಂಟು. ಬಾಂಬೆ ಹೈನಲ್ಲಿ ಅದನ್ನೇ ಮಾಡಿದರು. ಶೇಲಿನಲ್ಲಿ ಹಿಂದಿನಿಂದ ತಳ್ಳುವ ನೀರಿಗೂ ದಾರಿಯಿಲ್ಲ.

ದಾರಿಯಿಲ್ಲದಿದ್ದರೆ ದಾರಿ ಮಾಡುವುದು. ಕಲ್ಲೊಡೆದು ಎಣ್ಣೆ ಹೆಚ್ಚಿಸುವ ಉಪಾಯ ಹೊಸದಲ್ಲ. ಪೆನ್ಸಿಲ್ವೇನಿಯದ ಬಾವಿಗಳೊಳಗೆ 1860ರ ದಶಕದಲ್ಲೇ ಸಿಡಿಮದ್ದು ಇಳಿಸಿದ್ದರು. ದ್ರವವನ್ನು ಒತ್ತಿ ಬಂಡೆ ಸೀಳುವ ಪ್ರಯೋಗ ಕಾನ್ಸಾಸಿನಲ್ಲಿ 1947ರಲ್ಲಿ ನಡೆಯಿತು. ಆದರೆ ಶೇಲನ್ನೇ ಸೀಳಿ ಲಾಭ ಪಡೆಯಬಹುದೆಂದು ಹಠ ಹಿಡಿದವರು ಜಾರ್ಜ್ ಮಿಚೆಲ್. ಟೆಕ್ಸಾಸಿನ ಫೋರ್ಟ್ ವರ್ತ್ ಸುತ್ತಲಿನ ಬಾರ್ನೆಟ್ ಶೇಲಿನಲ್ಲಿ ಅವರ ಕಂಪನಿ 1981ರಲ್ಲಿ ಮೊದಲ ಬಾವಿ ಕೊರೆದು, ಹದಿನೇಳು ವರ್ಷ ಹಣ ಸುರಿದ ಮೇಲೆ 1998ರಲ್ಲಿ ಗೆಲುವು ಕಂಡಿತು. ಗೆದ್ದ ಉಪಾಯ ಸರಳ. ದುಬಾರಿ ಗಂಜಿಯಂಥ ದ್ರವವನ್ನು ಬಿಟ್ಟು, ತುಸು ಜಾರುಗುಣ ಬೆರೆಸಿದ ನೀರನ್ನೇ ಹೇರಳವಾಗಿ ಒತ್ತಿದರು. ಆಮೇಲೆ ಬಾವಿಯನ್ನು ಶೇಲಿನ ಪದರದೊಳಗೆ ಅಡ್ಡಲಾಗಿ ತಿರುಗಿಸುವ ವಿದ್ಯೆ ಇದಕ್ಕೆ ಕೂಡಿಕೊಂಡಿತು. ಇಂದು ಒಂದು ಬಾವಿ ಕೆಳಗಿಳಿದು, ಮೂರು ಕಿಲೋಮೀಟರಿನಷ್ಟು ಅಡ್ಡಕ್ಕೆ ಮಲಗಿ, ಉದ್ದಕ್ಕೂ ಹತ್ತಾರು ಕಡೆ ಬಂಡೆಯನ್ನು ಸೀಳುವುದು ಸಾಮಾನ್ಯ. ಒಂದೊಂದಕ್ಕೆ ಕೋಟ್ಯಂತರ ಲೀಟರ್ ನೀರು, ಸಾವಿರಾರು ಟನ್ನು ಮರಳು. ಸೀಳು ಮತ್ತೆ ಮುಚ್ಚಿಕೊಳ್ಳದಂತೆ ತಡೆಹಿಡಿಯುವುದು ಆ ಮರಳಿನ ಕೆಲಸ.

ಇಲ್ಲೊಂದು ಅಡ್ಡಮಾತು. ಮರಳು ತಳಕ್ಕಿಳಿಯದೆ ನೀರಿನಲ್ಲಿ ತೇಲುತ್ತ ಸೀಳಿನ ತುದಿ ಮುಟ್ಟಬೇಕಾದರೆ ನೀರು ಗಂಜಿಯಾಗಬೇಕು. ಆ ಗಂಜಿ ನಮ್ಮ ಗೋರಿಕಾಯಿಯ ಬೀಜದ ಅಂಟಿನದು. ಉತ್ತರ ಕರ್ನಾಟಕದವರು ಚವಳಿಕಾಯಿ ಎಂದು ಪಲ್ಯ ಮಾಡುವ ಅದೇ ಕಾಯಿ, ರಾಜಸ್ಥಾನ, ಹರಿಯಾಣದವರಿಗೆ ಗ್ವಾರ್. ಜಗತ್ತಿನ ಗೋರಿಬೀಜದ ಬಹುಪಾಲು ಬೆಳೆಯುವುದು ನಮ್ಮಲ್ಲಿ. ಎಣ್ಣೆಯಿರುವ ಶೇಲುಗಳತ್ತ ಅಮೆರಿಕದವರು ಮುಗಿಬಿದ್ದು ದಪ್ಪ ಗಂಜಿಗೆ ಬೇಡಿಕೆ ಬಂದಾಗ, 2011–12ರಲ್ಲಿ ಅದರ ಬೆಲೆ ಹುಚ್ಚೆದ್ದು ಏರಿತು. 2012ರ ಮಾರ್ಚಿನಲ್ಲಿ ಸರಕಾರ ಗೋರಿಯ ವಾಯಿದೆ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು, ಮುಂದಿನ ವರ್ಷ ಮತ್ತೆ ತೆರೆಯಿತು. ಅಷ್ಟರಲ್ಲಿ ಬಾವಿಯವರು ಅಗ್ಗದ ಬದಲಿ ಕಂಡುಕೊಳ್ಳತೊಡಗಿದ್ದರು, ಬೆಲೆ ಕುಸಿಯಿತು. ಶೇಲ್ ತೈಲದ ಸುಗ್ಗಿಯಲ್ಲಿ ನಮ್ಮ ರೈತನಿಗೆ ಸಿಕ್ಕ ಪಾಲು ಇದು. ದಿಲ್ಲಿಯ ನಮ್ಮ ಗೆಳೆಯರು ಇದರ ಬಗ್ಗೆ ಬರೆಯಬೇಕೆಂದು ನಮ್ಮ ಕೋರಿಕೆ.

ಮತ್ತೆ ರಂಧ್ರಕ್ಕೆ ಬರೋಣ, ಏಕೆಂದರೆ ಸೀಳಿದ ಮೇಲೂ ರಂಧ್ರಗಳು ಹಿಗ್ಗಿಲ್ಲ. ಸೀಳು ಮಾಡಿದ್ದು ಒಂದೇ ಉಪಕಾರ, ಎಣ್ಣೆಯ ಅಣು ನ್ಯಾನೋರಂಧ್ರಗಳಲ್ಲಿ ನಡೆಯಬೇಕಾದ ದೂರವನ್ನು ಕಡಿಮೆ ಮಾಡಿದ್ದು. ಆ ದೂರದ ಲೆಕ್ಕ ವಿಚಿತ್ರವಾದದ್ದು. ಬಾವಿಯಲ್ಲಿ ಒತ್ತಡ ಇಳಿದ ಸುದ್ದಿ ಕಲ್ಲಿನೊಳಗೆ ಹಬ್ಬುತ್ತ ಹೋಗಬೇಕು. ಸುದ್ದಿ ಮುಟ್ಟಿದಲ್ಲಿ ಮಾತ್ರ ಎಣ್ಣೆ ಅಲುಗುತ್ತದೆ. ದೂರ ಇಮ್ಮಡಿಯಾದರೆ ಸುದ್ದಿ ಮುಟ್ಟಲು ಬೇಕಾದ ಕಾಲ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ನೂರು ನ್ಯಾನೋಡಾರ್ಸಿಯ ಶೇಲಿಗೆ ಸ್ಥೂಲವಾಗಿ ಲೆಕ್ಕ ಹಾಕಿದರೆ 10 ಮೀಟರ್ ದೂರಕ್ಕೆ ಸುಮಾರು ಮೂರು ವರ್ಷ. ಹಾಗಾದರೆ 100 ಮೀಟರಿಗೆ ಮುನ್ನೂರು. ಬಾವಿಗೆ ಅಷ್ಟು ಆಯುಷ್ಯವಿಲ್ಲ. ಎಂದರೆ ಸೀಳಿನ ಆಚೀಚೆಯ ಕೆಲವೇ ಮೀಟರುಗಳ ಎಣ್ಣೆ ಮಾತ್ರ ಆ ಬಾವಿಯದು, ಉಳಿದದ್ದು ಇದ್ದೂ ಇಲ್ಲದ್ದು.

ಇದರಿಂದ ಇನ್ನೊಂದು ಫಲ ಹುಟ್ಟುತ್ತದೆ. ಒಟ್ಟು ಬಂದ ಎಣ್ಣೆ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಮೊದಲ ವರ್ಷ 100 ಪೀಪಾಯಿ ಬಂದರೆ ನಾಲ್ಕು ವರ್ಷದ ಕೊನೆಗೆ ಒಟ್ಟು 200, ಒಂಬತ್ತು ವರ್ಷದ ಕೊನೆಗೆ 300. ಎರಡನೆಯ ವರ್ಷ ಬರುವುದು 41, ಮೂರನೆಯ ವರ್ಷ 32. ಇದೂ ಒಳ್ಳೆಯ ದಿನಗಳ ಲೆಕ್ಕ. ಎರಡು ಸೀಳುಗಳ ಒತ್ತಡದ ಸುದ್ದಿಗಳು ನಡುವೆ ಒಂದನ್ನೊಂದು ಸಂಧಿಸಿದ ಮೇಲೆ ಹೊಸ ಎಣ್ಣೆ ಉಳಿದಿರುವುದಿಲ್ಲ, ಇಳಿತ ಇನ್ನೂ ಕಡಿದಾಗುತ್ತದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಪಾಟ್ಜೆಕ್, ಮೇಲ್, ಮಾರ್ಡರ್ ಎಂಬ ಮೂವರು ಬಾರ್ನೆಟ್‌ನ ಸಾವಿರಾರು ಅನಿಲಬಾವಿಗಳ ದಾಖಲೆ ಹಿಡಿದು, ಅವು ಈ ಸರಳ ನಿಯಮವನ್ನೇ ಅನುಸರಿಸುತ್ತವೆಂದು 2013ರಲ್ಲಿ ತೋರಿಸಿದರು. ನ್ಯಾನೋಮೀಟರಿನ ಲೋಕದ ಅಷ್ಟೆಲ್ಲ ತೊಡಕು ಬಾವಿಯ ಬಾಯಲ್ಲಿ ಒಂದು ವರ್ಗಮೂಲವಾಗಿ ಹೊರಬರುವುದನ್ನು ಕಂಡು ನಮ್ಮ ಬಳಗದ ಗಣಿತದ ಮೇಷ್ಟರಿಗೆ ಬಹಳ ಸಂತೋಷವಾಯಿತು.

ಒರತೆಗೂ ಶೇಲಿಗೂ ಇರುವ ಭೇದ ಇಲ್ಲಿದೆ. ಒರತೆ ತೋಡಿದಂತೆ ತುಂಬುತ್ತದೆ. ಶೇಲಿನ ಬಾವಿ ತನ್ನ ಯೌವನವನ್ನು ಮೊದಲ ವರ್ಷದಲ್ಲೇ ಕಳೆದುಕೊಳ್ಳುತ್ತದೆ. ಒಟ್ಟು ಉತ್ಪಾದನೆ ಇದ್ದಲ್ಲಿ ಇರಬೇಕಾದರೂ ಹೊಸ ಬಾವಿ ಕೊರೆಯುತ್ತಲೇ ಇರಬೇಕು. ಅಮೆರಿಕ ಕೊರೆಯಿತು. 2008ರಲ್ಲಿ ದಿನಕ್ಕೆ 50 ಲಕ್ಷ ಪೀಪಾಯಿಯ ಸುತ್ತ ಇದ್ದ ಅದರ ಕಚ್ಚಾತೈಲದ ಉತ್ಪಾದನೆ 2023ರಲ್ಲಿ ಸುಮಾರು 1 ಕೋಟಿ 30 ಲಕ್ಷಕ್ಕೆ ಏರಿತು, ಹೆಚ್ಚಳದ ಬಹುಪಾಲು ಇಂಥ ಕಲ್ಲುಗಳಿಂದಲೇ. ಇದನ್ನು ಗುಳ್ಳೆಯೆಂದು, ನಾಳೆಯೇ ಒಡೆಯುತ್ತದೆಂದು ಹದಿನೈದು ವರ್ಷದಿಂದ ಬರೆಯುತ್ತ ಬಂದವರೂ ಇದ್ದಾರೆ. ನಮ್ಮಲ್ಲೇ ಇಬ್ಬರು ಆ ಪಂಗಡದವರು. ಅವರ ಮಾತು ನಿಜವಾಗಲಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಆ ಗೆಲುವು ಸಾಗರ ಸಿಕ್ಕಿದ್ದರಿಂದ ಬಂದುದಲ್ಲ, ಕೊರೆಯುವ ಶಕ್ತಿಯಿಂದ ಬಂದುದು. ಅಲ್ಲಿ ನೆಲದ ಒಡೆಯನೇ ಎಷ್ಟೋ ಕಡೆ ನೆಲದಡಿಯ ಖನಿಜಕ್ಕೂ ಒಡೆಯ. ಎಣ್ಣೆ ಬಂದರೆ ಅವನಿಗೂ ಪಾಲು. ಸಾವಿರಾರು ಸಣ್ಣ ಕಂಪನಿಗಳು, ಸಾಲ ಕೊಡುವ ಪೇಟೆ, ವಿಶಾಲವಾದ ವಿರಳ ಜನವಸತಿಯ ಬಯಲು, ಮೊದಲೇ ಹಾಸಿದ್ದ ಕೊಳವೆಜಾಲ ಇವೆಲ್ಲ ಜೊತೆಗಿದ್ದವು.

ನಮ್ಮ ದೇಶ ಪ್ರಯತ್ನಿಸಲಿಲ್ಲವೆಂಬ ಆ ಬರಹದ ಆರೋಪವೂ ಸರಿಯಲ್ಲ. ಪಶ್ಚಿಮ ಬಂಗಾಳದ ದುರ್ಗಾಪುರದ ಬಳಿಯ ಇಚ್ಛಾಪುರದಲ್ಲಿ ಓಎನ್‌ಜಿಸಿ ಕೊರೆದ ಬಾವಿಯಲ್ಲಿ 2011ರ ಜನವರಿಯಲ್ಲಿ ಶೇಲ್ ಅನಿಲ ಕಾಣಿಸಿಕೊಂಡಿತು. 2013ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಶೇಲ್ ನೀತಿ ತಂದು ಸರಕಾರಿ ತೈಲ ಕಂಪನಿಗಳಿಗೆ ಹಾದಿ ತೆರೆಯಿತು, ಅದೇ ಕಾಲಕ್ಕೆ ಗುಜರಾತಿನ ಖಂಭಾತ್ ಜಲಾನಯನದಲ್ಲೂ ಬಾವಿ ಕೊರೆದರು. 2018ರಲ್ಲಿ ಖಾಸಗಿಯವರಿಗೂ ತಮ್ಮ ಕ್ಷೇತ್ರಗಳಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಲಾಭದ ಉತ್ಪಾದನೆ ಬರಲಿಲ್ಲ. ಧೈರ್ಯದ ಕೊರತೆಯೆಂದು ಇದನ್ನು ಬೈಯುವುದು ಸುಲಭ. ಎಲ್ಲ ಶೇಲೂ ಒಂದೇ ಅಲ್ಲ. ಸ್ಫಟಿಕದ ಕಣ, ಸುಣ್ಣದ ಅಂಶ ಹೆಚ್ಚಿದ್ದರೆ ಗಾಜಿನಂತೆ ಸೀಳುತ್ತದೆ, ಜೇಡಿ ಹೆಚ್ಚಿದ್ದರೆ ಮೆತ್ತಗೆ ಬಗ್ಗಿ ಮರಳಿನ ಕಣವನ್ನೇ ನುಂಗಿ ಮುಚ್ಚಿಕೊಳ್ಳುತ್ತದೆ. ಒಂದು ಬಾವಿಗೆ ಕೋಟಿಗಟ್ಟಲೆ ಲೀಟರ್ ನೀರು ಬೇಕೆಂಬ ಮಾತನ್ನು ದಾಮೋದರ ಕಣಿವೆಯ ಇಲ್ಲವೆ ಗುಜರಾತಿನ ಒಬ್ಬ ರೈತನ ಮುಂದೆ ಹೇಳಿ ನೋಡಬೇಕು. ನಮ್ಮಲ್ಲಿ ಖನಿಜ ತೈಲ ಸರಕಾರದ್ದು, ಹೊಲ ಮಾತ್ರ ಅವನದು.

ಇಷ್ಟರ ಮೇಲೆ ನಮ್ಮ ತಕರಾರು ಒಂದು ಸಂಖ್ಯೆಯ ಬಗ್ಗೆ. ಶೇಲ್ ಕುರಿತ ಬರಹಗಳಲ್ಲಿ ನೆಲದಡಿಯಲ್ಲಿ ಎಷ್ಟಿದೆ ಎಂಬ ದೊಡ್ಡ ಸಂಖ್ಯೆ ತಲೆಬರಹಕ್ಕೆ ಏರುತ್ತದೆ. ಮರಳುಗಲ್ಲಿನ ಕ್ಷೇತ್ರಗಳಲ್ಲಿ ಇರುವುದರ ಮೂರರಲ್ಲೊಂದು ಪಾಲಾದರೂ ಮೇಲೆ ಬರುತ್ತದೆ. ಶೇಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು. ಅಮೆರಿಕದ ಅತ್ಯುತ್ತಮ ಕಲ್ಲಿನಲ್ಲೂ ನೂರಕ್ಕೆ ತೊಂಬತ್ತು ಪಾಲು ಎಣ್ಣೆ ಕಲ್ಲಿನಲ್ಲೇ ಉಳಿದಿದೆ, ಬಾವಿಯನ್ನು ಮುಚ್ಚಿ ಮುಂದೆ ಹೋಗಿದ್ದಾರೆ. ಆದುದರಿಂದ ಎಷ್ಟಿದೆ ಎಂದು ಬರೆಯುವವರು ಅದೇ ಸಾಲಿನಲ್ಲಿ, ರಂಧ್ರ ಎಷ್ಟು ಕಿರಿದು, ಸೀಳಿನಿಂದ ಎಷ್ಟು ದೂರದ ಎಣ್ಣೆ ಬಂದೀತು, ಎರಡನೆಯ ವರ್ಷ ಎಷ್ಟು ಉಳಿದೀತು ಎಂಬುದನ್ನೂ ಬರೆಯಬೇಕೆಂದು ನಾವು ಕೇಳುತ್ತೇವೆ. ಹೊಲ ಕೊಡುವವನಿಗೆ, ತೆರಿಗೆ ಕೊಡುವವನಿಗೆ ಬೇಕಾದದ್ದು ಈ ಸಂಖ್ಯೆಗಳು. ಕನ್ನಡದಲ್ಲಿ ಹೇಳಲಾಗದಷ್ಟು ಕಠಿಣವಾದುದು ಇದರಲ್ಲಿ ಏನೂ ಇಲ್ಲವೆಂದು ಮೇಲಿನ ಪುಟಗಳಲ್ಲಿ ತೋರಿಸಲು ಯತ್ನಿಸಿದ್ದೇವೆ.

ಕೊನೆಗೆ ಆ ಬರಹದ ಒಂದು ವಾಕ್ಯವನ್ನಾದರೂ ತಿದ್ದೋಣವೆಂದು ಕುಳಿತೆವು. ದ್ರವದ ಚಲನೆಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಹರಿ, ಸೋರು, ಜಿನುಗು, ಒಸರು, ಬಸಿ, ಇಂಗು, ತೊಟ್ಟಿಕ್ಕು, ಒಂದೊಂದಕ್ಕೂ ಒಂದೊಂದು ವೇಗ, ಒಂದೊಂದು ದಾರಿ. ಪತ್ರಿಕೆಯವರು ಎಲ್ಲಕ್ಕೂ 'ಹರಿ' ಎನ್ನುತ್ತಾರೆ. ಶೇಲಿಗೆ 'ಒಸರು' ಒಪ್ಪುತ್ತದೆಂದು ಹೆಚ್ಚಿನವರ ಮತ ಬಿತ್ತು. 'ಸೀಳಿದ ಶೇಲಿನಿಂದ ಎಣ್ಣೆ ಒಸರುತ್ತದೆ' ಎಂದು ಬರೆದೆವು. ಪುತ್ತೂರಿನ ಕಡೆಯ ನಮ್ಮ ಸದಸ್ಯೆಯೊಬ್ಬರು ಒಪ್ಪಲಿಲ್ಲ. ಅವರ ತೋಟದ ಮೇಲಿನ ಗುಡ್ಡದಿಂದ ಮಳೆಗಾಲ ಕಳೆದ ಮೇಲೂ ನೀರು ಒಸರುತ್ತಿತ್ತಂತೆ, ಅದಕ್ಕೆ ಯಾರೂ ಏನೂ ಮಾಡಬೇಕಾಗಿರಲಿಲ್ಲ. "ಇದು ತಾನಾಗಿ ಬರುವುದಲ್ಲವಲ್ಲ, ಒಸರುತ್ತದೆ ಅಂತ ಹೇಗೆ ಬರೆಯುವುದು? ಒಸರಿಸುತ್ತಾರೆ ಅಂತ ಬರೆಯಿರಿ" ಎಂದರು. ಬಾಂಬೆ ಹೈನ ಹಿರಿಯರು ಕನ್ನಡಕ ಹಾಕಿಕೊಂಡು ವಾಕ್ಯವನ್ನು ತಿದ್ದಿದರು. ಆಮೇಲೆ, ಒಸರಿಸುವವರು ಯಾರು, ಯಾರ ನೀರಿನಿಂದ ಎಂಬುದೂ ವಾಕ್ಯದಲ್ಲಿ ಬರಬೇಕಾಗುತ್ತದಲ್ಲ ಎಂದು ಪೆನ್ನು ಕೆಳಗಿಟ್ಟರು.